ಜೂಲ್ಸ್ ವರ್ನ್: ಅವನ ಬಾಳು, ಅವನ ನೀಮೋ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ದೇವನಹಳ್ಳಿಯ ಕೋಟೆಯಿಂದ ಸ್ವಲ್ಪ ದೂರದಲ್ಲಿ ಕಲ್ಲುಕಂಬಗಳ ಒಂದು ಪುಟ್ಟ ಆವರಣವಿದೆ. ಟಿಪ್ಪು ಸುಲ್ತಾನನು ಹುಟ್ಟಿದ ಸ್ಥಳ ಇದೆಂದು ಅಲ್ಲಿನ ಶಿಲಾಫಲಕವು ತಿಳಿಸುತ್ತದೆ. ಕಾಲೇಜಿಗೆ ಬರುವಾಗಲೂ ಹೋಗುವಾಗಲೂ ನಮ್ಮಲ್ಲಿ ಕೆಲವರು ಅದರ ಮುಂದೆ ಹಾದುಹೋಗುತ್ತೇವೆ. ನಿಂತು ನೋಡುವವರು ವಿರಳ. ನಾನೂ ನಿಂತು ನೋಡಿದವನಲ್ಲ. ಹೀಗಿರಲು, ಕಳೆದ ವರ್ಷ ಕಾಲೇಜಿನ ಪುಸ್ತಕ ಭಂಡಾರದಿಂದ ಒಯ್ದ ಒಂದು ಕಾದಂಬರಿಯ ಕೊನೆಯ ಭಾಗದಲ್ಲಿ ಟಿಪ್ಪುವಿನ ಹೆಸರು ಥಟ್ಟನೆ ಎದುರಾಯಿತು. ಬರೆದವನು ಫ್ರಾನ್ಸ್ ದೇಶದವನು. ಕಥೆ ನಡೆಯುವುದು ಪೆಸಿಫಿಕ್ ಮಹಾಸಾಗರದ ಒಂದು ನಿರ್ಜನ ದ್ವೀಪದಲ್ಲಿ. ಕಡಲಡಿಯಲ್ಲಿ ವಿದ್ಯುಚ್ಛಕ್ತಿಯಿಂದ ಸಂಚರಿಸುವ ನೌಕೆಯೊಂದರಲ್ಲಿ ಒಬ್ಬ ಮುದುಕನು ಸಾಯುತ್ತ ಮಲಗಿದ್ದಾನೆ. ಅವನು ಬುಂದೇಲಖಂಡದ ರಾಜನ ಮಗ, ಟಿಪ್ಪುವಿನ ಸೋದರಳಿಯ ಎಂದು ಕಾದಂಬರಿಕಾರನು ತಿಳಿಸುತ್ತಾನೆ.

ನನಗೆ ಮೊದಲು ಆದುದು ಹೆಮ್ಮೆ; ಆಮೇಲೆ ಆದುದು ಗೊಂದಲ. ನಮ್ಮ ಊರನ್ನು ಕಣ್ಣಿನಿಂದ ಕಾಣದ ಆ ಲೇಖಕನು ಈ ನಂಟನ್ನು ಏಕೆ ಗಂಟುಹಾಕಿದನು? ಹಾಕಿದ ಮೇಲೆ ಅದನ್ನು ಏಕೆ ಸಡಿಲವಾಗಿಯೇ ಬಿಟ್ಟನು? ಇದನ್ನು ತಿಳಿಯಬೇಕಾದರೆ ಅವನ ಜೀವನವನ್ನೇ ತಿಳಿಯಬೇಕು. ಸಹಪಾಠಿ ಮಿತ್ರರ ಮುಂದೆ ಅದನ್ನು ನನ್ನ ಶಕ್ತ್ಯನುಸಾರ ನಿರೂಪಿಸಲು ಯತ್ನಿಸುತ್ತೇನೆ.

ಜೂಲ್ಸ್ ವರ್ನನು 1828ನೆಯ ಇಸವಿ ಫೆಬ್ರವರಿ 8ರಂದು ಫ್ರಾನ್ಸಿನ ಪಶ್ಚಿಮ ಭಾಗದ ನಾಂತ್ ಪಟ್ಟಣದಲ್ಲಿ ಜನಿಸಿದನು. ಲ್ವಾರ್ ನದಿಯ ದಡದ ಆ ರೇವುಪಟ್ಟಣವು ಹಿಂದಿನ ಶತಮಾನದಲ್ಲಿ ಗುಲಾಮರ ವ್ಯಾಪಾರದಿಂದ ಐಶ್ವರ್ಯ ಗಳಿಸಿದ್ದಿತು. ತಂದೆ ಪಿಯರ್ ವರ್ನ್ ನ್ಯಾಯವಾದಿ. ತಾಯಿ ಸೋಫಿ ಹಡಗುಗಳ ನಂಟಿದ್ದ ಮನೆತನದವಳು. ಐವರು ಮಕ್ಕಳಲ್ಲಿ ಜೂಲ್ಸನೇ ಹಿರಿಯ. ತಮ್ಮ ಪಾಲ್ ಮುಂದೆ ನೌಕಾಪಡೆಯನ್ನು ಸೇರಿದನು. ಅಣ್ಣನಿಗೆ ಆ ಭಾಗ್ಯ ಬರಲಿಲ್ಲ. ಹನ್ನೊಂದರ ವಯಸ್ಸಿನಲ್ಲಿ ಅವನು ಮನೆಯವರ ಕಣ್ಣು ತಪ್ಪಿಸಿ ದೂರದೇಶದ ಹಡಗನ್ನು ಹತ್ತಿದ್ದನೆಂದೂ, ತಂದೆಯು ಬೆನ್ನಟ್ಟಿ ಹಿಡಿದು ತಂದನೆಂದೂ ಒಂದು ಕಥೆ ಬಹುಕಾಲ ಪ್ರಚಾರದಲ್ಲಿದ್ದಿತು. ಇದು ಕಟ್ಟುಕಥೆಯಿರಬಹುದೆಂಬುದು ಈಗಿನ ವಿದ್ವಾಂಸರ ಮತ. ಕಡಲಿನ ಹಂಬಲ ಮಾತ್ರ ಕಟ್ಟುಕಥೆಯಲ್ಲ.

ಮಗನು ತನ್ನಂತೆಯೇ ವಕೀಲನಾಗಬೇಕೆಂದು ತಂದೆಯ ಇಚ್ಛೆ. ಅದರಂತೆ ಜೂಲ್ಸನು ಪ್ಯಾರಿಸಿಗೆ ಹೋಗಿ ಕಾನೂನು ವ್ಯಾಸಂಗ ಮಾಡಿದನು. 1848ರ ಕ್ರಾಂತಿಯ ಬಿಸಿ ಇನ್ನೂ ಆರದಿದ್ದ ಕಾಲವದು. ಆದರೆ ಮನಸ್ಸು ನೆಲೆಸಿದುದು ನಾಟಕದಲ್ಲಿ. ಹೆಸರಾಂತ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾನ ಪರಿಚಯವಾಯಿತು. 1850ರಲ್ಲಿ ಡ್ಯೂಮಾನ ರಂಗಮಂದಿರದಲ್ಲಿಯೇ ವರ್ನನ ಒಂದು ಸಣ್ಣ ನಾಟಕ ಪ್ರದರ್ಶಿತವಾಯಿತು. 1852ರಲ್ಲಿ ತಂದೆಯು ತನ್ನ ವಕೀಲಿಯನ್ನು ವಹಿಸಿಕೊಡಲು ಮುಂದೆ ಬಂದಾಗ ಮಗನು ಒಲ್ಲೆನೆಂದನು. ಹಿರಿಯರು ಕಟ್ಟಿಟ್ಟ ಬುತ್ತಿಯನ್ನು ಬಿಟ್ಟು ಬರಿಗೈಯಲ್ಲಿ ನಿಲ್ಲುವ ಧೈರ್ಯ ಸಾಮಾನ್ಯವಲ್ಲ. ನಾಟಕಶಾಲೆಯೊಂದರ ಕಾರ್ಯದರ್ಶಿಯಾಗಿ ಕೆಲವು ಕಾಲ ಕಷ್ಟದಿಂದ ಜೀವಿಸಿದನು. 1857ರ ಜನವರಿಯಲ್ಲಿ ಎರಡು ಹೆಣ್ಣುಮಕ್ಕಳಿದ್ದ ಹೊನೊರಿನ್ ಎಂಬ ವಿಧವೆಯನ್ನು ವಿವಾಹವಾದನು. ಸಂಸಾರ ನಡೆಯಬೇಕಾದುದರಿಂದ ಷೇರುಪೇಟೆಯಲ್ಲಿ ದಲ್ಲಾಳಿಯಾದನು. ಬೆಳಗಿನ ಜಾವ ಎದ್ದು ಬರೆಯುವುದು, ಹಗಲು ಪೇಟೆ, ಬಿಡುವಾದಾಗ ಗ್ರಂಥಾಲಯದಲ್ಲಿ ಭೂಗೋಳ, ಭೌತಶಾಸ್ತ್ರ, ಯಂತ್ರವಿದ್ಯೆಗಳ ಪುಸ್ತಕಗಳಿಂದ ಟಿಪ್ಪಣಿ ಮಾಡಿಕೊಳ್ಳುವುದು. ಹೀಗೆ ವರುಷಗಳು ಸಂದವು. 1861ರಲ್ಲಿ ಏಕಮಾತ್ರ ಪುತ್ರ ಮಿಶೆಲ್ ಹುಟ್ಟಿದನು.

ಅವನ ಬಾಳು ತಿರುವು ಕಂಡುದು ಪಿಯರ್ ಜೂಲ್ಸ್ ಹೆಟ್ಜೆಲ್ ಎಂಬ ಪ್ರಕಾಶಕನ ದೆಸೆಯಿಂದ. ಹೆಟ್ಜೆಲನು ಬಾಲ್ಜಾಕ್, ವಿಕ್ಟರ್ ಹ್ಯೂಗೊರಂತಹವರ ಕೃತಿಗಳನ್ನು ಹೊರತಂದವನು; ಮೂರನೆಯ ನೆಪೋಲಿಯನ್ನನ ಆಡಳಿತಕ್ಕೆ ಒಗ್ಗದೆ ಕೆಲವು ವರ್ಷ ದೇಶಭ್ರಷ್ಟನಾಗಿದ್ದವನು. ಆಫ್ರಿಕದ ಮೇಲೆ ಬೆಲೂನಿನಲ್ಲಿ ಪ್ರಯಾಣ ಮಾಡುವವರ ಕಥೆಯನ್ನು ವರ್ನನು ಅವನ ಕೈಗಿತ್ತನು. ಅದು 1863ರ ಜನವರಿಯಲ್ಲಿ ಅಚ್ಚಾಗಿ ಜನಪ್ರಿಯವಾಯಿತು. ವರ್ಷಕ್ಕೆ ಇಷ್ಟು ಸಂಪುಟಗಳೆಂದು ಕರಾರಾಯಿತು. ಹೀಗೆ ಮೊದಲಾದುದೇ ‘ಅಸಾಧಾರಣ ಯಾತ್ರೆಗಳು’ ಎಂಬ ಮಹಾಮಾಲೆ. ಭೂಗರ್ಭದ ಯಾತ್ರೆ (1864), ಭೂಮಿಯಿಂದ ಚಂದ್ರನಿಗೆ (1865), ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ (1873) ಇವೆಲ್ಲ ಈ ಮಾಲೆಯ ಮಣಿಗಳೇ. ಅವನ ಜೀವಿತಕಾಲದಲ್ಲಿಯೇ ಐವತ್ತಕ್ಕೂ ಹೆಚ್ಚು ಕಾದಂಬರಿಗಳು ಇದರಲ್ಲಿ ಹೊರಬಂದವು.

ಈ ಮಾಲೆಯ ನಡುನಾಯಕ ಮಣಿಯೆಂದರೆ ಕ್ಯಾಪ್ಟನ್ ನೀಮೋ. 1869ರಿಂದ 1870ರವರೆಗೆ ಹೆಟ್ಜೆಲನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಕಡಲಡಿಯಲ್ಲಿ ಇಪ್ಪತ್ತು ಸಾವಿರ ಲೀಗುಗಳು’ ಎಂಬ ಕಥೆಯಲ್ಲಿ ಅವನು ಮೊದಲು ಕಾಣಿಸಿಕೊಂಡನು. ಲ್ಯಾಟಿನ್ ಭಾಷೆಯಲ್ಲಿ ನೀಮೋ ಎಂದರೆ ಯಾರೂ ಅಲ್ಲದವನು. ಅವನು ನಾಟಿಲಸ್ ಎಂಬ ಜಲಾಂತರ್ನೌಕೆಯನ್ನು ಕಟ್ಟಿ, ನೆಲದ ಮೇಲಣ ಸರ್ಕಾರಗಳ ನಂಟನ್ನೇ ಕಡಿದುಕೊಂಡು ಸಾಗರದಲ್ಲಿ ಸಂಚರಿಸುತ್ತಾನೆ. ಫ್ರಾನ್ಸಿನ ಪ್ರಾಧ್ಯಾಪಕ ಆರೊನಾಕ್ಸನೂ ಅವನ ಇಬ್ಬರು ಸಂಗಡಿಗರೂ ಅವನ ಬಂದಿಗಳಾಗುತ್ತಾರೆ. ನೀಮೋ ವಿದ್ವಾಂಸ, ಸಂಗೀತಪ್ರಿಯ. ಸಿಂಹಳದ ಬಳಿ ಮುತ್ತು ಹೆಕ್ಕುವ ಬಡ ಭಾರತೀಯನೊಬ್ಬನನ್ನು ಶಾರ್ಕ್ ಮೀನಿನ ಬಾಯಿಂದ ಉಳಿಸಿ ಅವನ ಕೈಗೆ ಮುತ್ತಿನ ಚೀಲವನ್ನಿಡುತ್ತಾನೆ. ಮುಳುಗಿದ ಹಡಗುಗಳ ಚಿನ್ನವನ್ನು ದಂಗೆಯೆದ್ದ ಬಡ ಜನಾಂಗಗಳಿಗೆ ಕಳುಹಿಸುತ್ತಾನೆ. ಇಂತಹವನೇ ಕಥೆಯ ಕೊನೆಯಲ್ಲಿ, ಯಾವ ದೇಶದ್ದೆಂದು ಹೇಳದ ಒಂದು ಯುದ್ಧನೌಕೆಯನ್ನು ಅದರ ಎಲ್ಲ ಜನರೊಡನೆ ಮುಳುಗಿಸಿ, ನೀರಿನಲ್ಲಿ ಅವರು ಒದ್ದಾಡುವುದನ್ನು ಗಾಜಿನ ಕಿಟಕಿಯಿಂದ ನೋಡುತ್ತಾನೆ. ಆಮೇಲೆ ತನ್ನ ಕೋಣೆಗೆ ಹೋಗಿ, ಒಬ್ಬ ಹೆಂಗಸು ಮತ್ತು ಎರಡು ಮಕ್ಕಳ ಚಿತ್ರದ ಮುಂದೆ ಮೊಣಕಾಲೂರಿ ಅಳುತ್ತಾನೆ.

ಯಾರ ಮೇಲೆ ಈ ಸೇಡು? ವರ್ನನ ಮನಸ್ಸಿನಲ್ಲಿ ಉತ್ತರವಿದ್ದಿತು. ನೀಮೋ ಪೋಲೆಂಡಿನ ಕುಲೀನ. 1863ರ ಪೋಲಿಷ್ ದಂಗೆಯನ್ನು ರಷ್ಯದ ಚಕ್ರವರ್ತಿಯು ರಕ್ತದಲ್ಲಿ ಅದ್ದಿದಾಗ ಮನೆಮಠ, ಮಡದಿ ಮಕ್ಕಳನ್ನೆಲ್ಲ ಕಳೆದುಕೊಂಡವನು. ಮುಳುಗಿದುದು ರಷ್ಯದ ಹಡಗು. ಆದರೆ ರಷ್ಯದಲ್ಲಿ ಹೆಟ್ಜೆಲನಿಗೆ ಓದುಗರಿದ್ದರು. ಫ್ರಾನ್ಸಿಗೆ ರಾಜಕೀಯದ ಲೆಕ್ಕಾಚಾರವಿದ್ದಿತು. ಅವನು ಒಪ್ಪಲಿಲ್ಲ, ನೀಮೋವನ್ನು ಗುಲಾಮರ ವ್ಯಾಪಾರದ ವೈರಿಯನ್ನಾಗಿ ಮಾಡಬಹುದೆಂದು ಸೂಚಿಸಿದನು. ವರ್ನನು ಅದಕ್ಕೆ ಒಪ್ಪಲಿಲ್ಲ. ಇಬ್ಬರ ನಡುವೆ 1869ರಲ್ಲಿ ಕಾಗದಗಳ ಮೂಲಕ ನಡೆದ ವಾದ ಈಗ ಪ್ರಕಟವಾಗಿದೆ. ಕೊನೆಗೆ ಆದ ರಾಜಿಯೆಂದರೆ ಮೌನ. ನೀಮೋವಿಗೆ ದೇಶವೂ ಇಲ್ಲ, ಹಡಗಿಗೆ ಬಾವುಟವೂ ಇಲ್ಲ. ಹೆಸರಿಲ್ಲದ ಪಾತ್ರದ ಹುಟ್ಟಿನಲ್ಲಿ ಕಲೆ ಎಷ್ಟೋ, ಪ್ರಕಾಶಕನ ಭೀತಿಯೂ ಅಷ್ಟೇ ಇದೆ. 1876ರಲ್ಲಿ ಇದೇ ಮಾಲೆಯಲ್ಲಿ ‘ಮೈಕೇಲ್ ಸ್ಟ್ರೊಗಾಫ್’ ಬಂದಾಗ ಅದರ ನಾಯಕನು ಅದೇ ರಷ್ಯದ ಚಕ್ರವರ್ತಿಯ ನಿಷ್ಠಾವಂತ ದೂತನಾಗಿದ್ದನು!

1874–75ರಲ್ಲಿ ‘ರಹಸ್ಯ ದ್ವೀಪ’ ಪ್ರಕಟವಾಯಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1865ರ ಮಾರ್ಚಿಯಲ್ಲಿ, ರಿಚ್ಮಂಡ್ ನಗರದಿಂದ ಬೆಲೂನಿನಲ್ಲಿ ತಪ್ಪಿಸಿಕೊಂಡ ಐವರು ಒಂದು ದ್ವೀಪದಲ್ಲಿ ಬೀಳುತ್ತಾರೆ. ಇಂಜಿನಿಯರ್ ಸೈರಸ್ ಸ್ಮಿತ್ ಅವರ ಮುಖಂಡ. ಕಷ್ಟ ಬಂದಾಗಲೆಲ್ಲ ಕಾಣದ ಕೈಯೊಂದು ಅವರನ್ನು ಕಾಯುತ್ತದೆ. ಆ ಕೈ ನೀಮೋವಿನದು. ಸಾಯುವ ಮುನ್ನ ಅವನು ತನ್ನ ಕಥೆಯನ್ನು ಹೇಳುತ್ತಾನೆ. ಅವನ ನಿಜನಾಮ ಡಕ್ಕಾರ್ ರಾಜಕುಮಾರ. ಹತ್ತನೆಯ ವಯಸ್ಸಿನಲ್ಲಿ ಯೂರೋಪಿಗೆ ಹೋದವನು, ಮೂವತ್ತರವರೆಗೆ ವಿದ್ಯೆ ಕಲಿತು 1849ರಲ್ಲಿ ಬುಂದೇಲಖಂಡಕ್ಕೆ ಮರಳಿದನು. 1857ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಎಲ್ಲವನ್ನೂ ಕಳೆದುಕೊಂಡನು. ಇಪ್ಪತ್ತು ಮಂದಿ ಸಂಗಡಿಗರೊಡನೆ ನಾಟಿಲಸನ್ನು ಕಟ್ಟಿದನು. ಫ್ರೆಂಚ್ ಪ್ರಕಾಶಕನು ರಷ್ಯದ ಹೆಸರನ್ನು ಅಳಿಸಿದ ಜಾಗದಲ್ಲಿ ಇಂಗ್ಲೆಂಡಿನ ಹೆಸರು ಬಂದಿತು. ವಿನೋದವೆಂದರೆ, ಈ ಪುಸ್ತಕವು ಇಂಗ್ಲಿಷಿಗೆ ಹೋದಾಗ ಡಕ್ಕಾರನ ಸಿಟ್ಟಿನ ಮಾತುಗಳನ್ನು ಅಲ್ಲಿಯವರು ತಿದ್ದಿ ಮೆತ್ತಗೆ ಮಾಡಿದರು.

ಇನ್ನು ಪೂರ್ವಾಪರ ವಿರೋಧಗಳನ್ನು ನೋಡೋಣ. ಮೊದಲ ಪುಸ್ತಕದಲ್ಲಿ ಆರೊನಾಕ್ಸನು ನಾಟಿಲಸಿನಲ್ಲಿದ್ದುದು 1867ರ ನವೆಂಬರಿನಿಂದ 1868ರ ಜೂನ್‌ವರೆಗೆ. ಎರಡನೆಯ ಪುಸ್ತಕದಲ್ಲಿ 1865ರ ಮಾರ್ಚಿಯಲ್ಲಿಯೇ ಮುದಿ ನೀಮೋ ದ್ವೀಪದಲ್ಲಿದ್ದು ಸೈರಸ್ ಸ್ಮಿತ್‌ನನ್ನು ನೀರಿನಿಂದೆತ್ತಿದ್ದಾನೆ. ಅಂದರೆ ಒಬ್ಬನೇ ಮನುಷ್ಯ ಏಕಕಾಲದಲ್ಲಿ ಎರಡು ಸಾಗರಗಳಲ್ಲಿದ್ದಂತಾಯಿತು. ಅದೇ ವರ್ಷ ನಾಗರಿಕ ಪ್ರಪಂಚವನ್ನು ಬಿಟ್ಟ ಸ್ಮಿತ್, ಆರೊನಾಕ್ಸನು 1868ರ ತರುವಾಯ ಬರೆದಿರಬೇಕಾದ ಪುಸ್ತಕವನ್ನು ಓದಿದವನಂತೆ ಮಾತನಾಡುತ್ತಾನೆ! ಮೂವತ್ತರಲ್ಲಿ, 1849ರಲ್ಲಿ, ಮನೆಗೆ ಮರಳಿದವನಿಗೆ 1868ರಲ್ಲಿ ಐವತ್ತೂ ತುಂಬಿರಲಾರದು. ಆದರೆ ಪುಸ್ತಕದಲ್ಲಿ ಅವನು ಅದಕ್ಕೆ ಮೊದಲೇ ಅರುವತ್ತು ಮುಟ್ಟಿದ್ದಾನೆ. ‘ಕ್ಯಾಪ್ಟನ್ ಗ್ರಾಂಟನ ಮಕ್ಕಳು’ ಎಂಬ ಕಾದಂಬರಿಯಲ್ಲಿ 1865ರಲ್ಲಿ ದ್ವೀಪವೊಂದರಲ್ಲಿ ಬಿಡಲ್ಪಟ್ಟ ಅಯರ್ಟನ್ ಎಂಬ ಅಪರಾಧಿಯು ಇಲ್ಲಿ ಹನ್ನೆರಡು ವರ್ಷ ಒಂಟಿಯಾಗಿದ್ದವನಾಗಿ ಸಿಕ್ಕುತ್ತಾನೆ. ತಾರೀಖುಗಳು ಹೊಂದುವುದಿಲ್ಲವೆಂದು ಪುಸ್ತಕದ ಅಡಿಟಿಪ್ಪಣಿಯೇ ಒಪ್ಪಿಕೊಳ್ಳುತ್ತದೆ.

ಟಿಪ್ಪುವಿನ ನಂಟಿನ ಲೆಕ್ಕವೂ ಇಂತಹುದೇ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದುದು 1799ರ ಮೇ 4ರಂದು. ಡಕ್ಕಾರನು ಹುಟ್ಟಿದುದು, ಕಥೆಯ ಲೆಕ್ಕದಂತೆ, ಅದಕ್ಕೆ ಇಪ್ಪತ್ತು ವರ್ಷಗಳ ಮೇಲೆ. ಟಿಪ್ಪುವಿನ ತಂದೆ ಹೈದರನು 1782ರಲ್ಲಿಯೇ ತೀರಿಕೊಂಡಿದ್ದನು. ಮೈಸೂರಿನ ಸುಲ್ತಾನರಿಗೂ ನರ್ಮದೆಯಾಚೆಯ ಬುಂದೇಲಖಂಡದ ರಾಜರಿಗೂ ಹೆಣ್ಣು ಕೊಟ್ಟು ತಂದ ಸಂಬಂಧ ಚರಿತ್ರೆಯಲ್ಲಿ ಕಾಣದು. ವರ್ನನು ಭಾರತವನ್ನು ನೋಡಿದವನಲ್ಲ. ಇಂಗ್ಲಿಷರಿಗೆ ಮಣಿಯದವನೆಂದರೆ ಫ್ರಾನ್ಸಿನ ಓದುಗರಿಗೆ ಥಟ್ಟನೆ ನೆನಪಾಗುವ ಹೆಸರು ಟಿಪ್ಪು. ಅದಕ್ಕಾಗಿಯೇ ಆ ಹೆಸರನ್ನು ಸಾಲವಾಗಿ ಪಡೆದನೆಂದು ನನಗೆ ತೋರುತ್ತದೆ.

ಈ ತಪ್ಪುಗಳನ್ನು ನಾವು ಕ್ಷಮಿಸಬಹುದು. ವರ್ಷಕ್ಕೆ ಎರಡು ಮೂರು ಸಂಪುಟ ಬರೆಯುವವನ ಲೇಖನಿ ತಾರೀಖಿನಲ್ಲಿ ಜಾರುವುದು ಸಹಜ. ಆದರೆ ಸುಲಭವಾಗಿ ಕ್ಷಮಿಸಲಾಗದ ವಿರೋಧವೊಂದಿದೆ. ಮೊದಲ ಪುಸ್ತಕದಲ್ಲಿ ನೀಮೋ ಆ ಯುದ್ಧನೌಕೆಯಿಂದ ತಪ್ಪಿಸಿಕೊಂಡು ಹೋಗಬಹುದಾಗಿದ್ದಿತು. ಹಾಗೆ ಮಾಡದೆ, ಅದನ್ನು ರಾತ್ರಿಯೆಲ್ಲ ತನ್ನ ಹಿಂದೆ ಎಳೆದುಕೊಂಡು ಹೋಗಿ, ಪ್ರಾಧ್ಯಾಪಕನ ಬೇಡಿಕೆಯನ್ನು ತಳ್ಳಿಹಾಕಿ, ಬೆಳಗಾದ ಮೇಲೆ ತೆರೆದ ಸಮುದ್ರದಲ್ಲಿ ಇರಿದು ಮುಳುಗಿಸಿದನು. ಎರಡನೆಯ ಪುಸ್ತಕದಲ್ಲಿ ಸಾಯುವಾಗ ಅವನು ಹೇಳುವುದೇ ಬೇರೆ: ತಾನು ಇಕ್ಕಟ್ಟಾದ, ಆಳವಿಲ್ಲದ ಕೊಲ್ಲಿಯೊಂದರಲ್ಲಿ ಸಿಕ್ಕಿಬಿದ್ದಿದ್ದನೆಂದೂ, ದಾರಿ ಮಾಡಿಕೊಳ್ಳದೆ ವಿಧಿಯಿರಲಿಲ್ಲವೆಂದೂ ತಿಳಿಸುತ್ತಾನೆ. ಸೇಡಿನ ಕೊಲೆಯು ಆತ್ಮರಕ್ಷಣೆಯಾಗಿ ಮಾರ್ಪಟ್ಟಿತು! ಇಲ್ಲಿ ತಪ್ಪಿದುದು ತಾರೀಖಲ್ಲ. ಮುಚ್ಚಿಹೋದುದು ಒಂದು ಪಾಪ. ಮುಚ್ಚಿದವನು ಸಾಯುವ ನೀಮೋವೇ, ವರ್ನನೇ, ಹೆಟ್ಜೆಲನೇ ಎಂಬುದು ತಿಳಿಯದು. ತಾನು ಮಾಡಿದುದು ಸರಿಯೇ ತಪ್ಪೇ ಎಂದು ನೀಮೋ ಸ್ಮಿತ್‌ನನ್ನು ಕೇಳುತ್ತಾನೆ. ಕಳೆದುಹೋದ ಕಾಲವನ್ನು ಮರಳಿ ತರಬಹುದೆಂದು ನಂಬಿದುದೇ ಅವನ ತಪ್ಪೆಂದೂ, ಅನಿವಾರ್ಯವಾದ ಪ್ರಗತಿಯ ವಿರುದ್ಧ ಅವನು ಹೋರಾಡಿದನೆಂದೂ, ಕೊನೆಯ ತೀರ್ಪು ದೇವರದೆಂದೂ ಸ್ಮಿತ್ ತಿಳಿಸುತ್ತಾನೆ. ತನ್ನ ನಾಡನ್ನು ಕಳೆದುಕೊಂಡವನಿಗೆ ಪರರ ಆಳ್ವಿಕೆಯೇ ಪ್ರಗತಿಯೆಂದು ಬೋಧಿಸುವ ಈ ತೀರ್ಪು ನನಗೆ ಹಿತವಾಗಲಿಲ್ಲ. ಮುಳುಗಿದವರ ವಿಷಯವಾಗಿಯೂ ಅದರಲ್ಲಿ ಒಂದು ಮಾತಿಲ್ಲ. ವರ್ನನ ಹಸ್ತಪ್ರತಿಯಲ್ಲಿ ನೀಮೋವಿನ ಕಟ್ಟಕಡೆಯ ಉಸಿರು ಸ್ವಾತಂತ್ರ್ಯದ ಹೆಸರಿನಲ್ಲಿ ಹೋಗುತ್ತದೆ. ಅಚ್ಚಾದ ಪುಸ್ತಕದಲ್ಲಿ ದೇವರ ಮತ್ತು ತಾಯ್ನಾಡಿನ ಹೆಸರಿನಲ್ಲಿ. ಅದೂ ಪ್ರಕಾಶಕನ ತಿದ್ದುಪಡಿಯೇ.

ನಮ್ಮದು ರೇಷ್ಮೆಹುಳು ಸಾಕುವ ಮನೆ. ಒಂದು ರಾತ್ರಿ ಹುಳುವಿಗೆ ಸೊಪ್ಪು ಹಾಕುತ್ತ ಈ ಕಥೆಯನ್ನು ನಮ್ಮ ತಂದೆಯವರಿಗೆ ಹೇಳಿದೆನು. ಅವರು ಓದುಬರಹ ಬಲ್ಲವರಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲಿಗ. ಟಿಪ್ಪುವಿನ ಹೆಸರು ಬಂದಾಗ ಅವರ ಮುಖ ಅರಳಿತು. ಹಡಗು ಮುಳುಗಿದ ಭಾಗವನ್ನು ಕೇಳಿ ಸೊಪ್ಪು ಹಾಕುವುದನ್ನು ನಿಲ್ಲಿಸಿ, ಅದರಲ್ಲಿದ್ದವರ ಹೆಂಡಿರು ಮಕ್ಕಳ ಗತಿ ಏನಾಯಿತೆಂದು ಕೇಳಿದರು. ಪುಸ್ತಕದಲ್ಲಿ ಅದು ಇಲ್ಲವೆಂದೆನು. ಹಾಗಾದರೆ ಕಥೆ ಮುಗಿದಿಲ್ಲವೆಂದು ಹೇಳಿ, ಮತ್ತೆ ಸೊಪ್ಪಿಗೆ ಕೈಹಾಕಿದರು. ನಾನು ಎರಡು ಪುಸ್ತಕ ಓದಿಯೂ ಕೇಳದಿದ್ದ ಪ್ರಶ್ನೆ ಅದು. ನೀಮೋ ಅತ್ತುದು ತನ್ನ ಹೆಂಡತಿ ಮಕ್ಕಳ ಚಿತ್ರದ ಮುಂದೆ; ಮುಳುಗಿದ ಪ್ರತಿಯೊಬ್ಬನ ಮನೆಯಲ್ಲಿಯೂ ಅಂತಹುದೇ ಚಿತ್ರವಿದ್ದಿರಬೇಕಲ್ಲವೆ?

ಮಾಲೆಯ ಬೇರೆ ಪುಸ್ತಕಗಳಲ್ಲಿಯೂ ಇಂತಹ ಬಾಕಿಗಳಿವೆ. ಡಕ್ಕಾರನನ್ನು ಉದಾತ್ತನನ್ನಾಗಿ ಚಿತ್ರಿಸಿದ ವರ್ನನೇ 1880ರ ‘ಉಗಿಯ ಮನೆ’ ಎಂಬ ಕಾದಂಬರಿಯಲ್ಲಿ 1857ರ ನಾಯಕ ನಾನಾ ಸಾಹೇಬನನ್ನು ಕ್ರೂರ ಖಳನನ್ನಾಗಿ ಮಾಡಿದನು. ಹಿಂದೆ ಚಂದ್ರನೆಡೆಗೆ ಗುಂಡು ಹಾರಿಸಿದ ಫಿರಂಗಿ ಸಂಘದವರು 1889ರ ಕಾದಂಬರಿಯೊಂದರಲ್ಲಿ ಉತ್ತರ ಧ್ರುವದ ಕಲ್ಲಿದ್ದಲಿಗಾಗಿ ಭೂಮಿಯ ಅಕ್ಷವನ್ನೇ ಓರೆಮಾಡಲು ಹೊರಡುತ್ತಾರೆ. ಎಷ್ಟೋ ನಾಡುಗಳು ಕಡಲ ಪಾಲಾಗುವುವೆಂದು ತಿಳಿದೂ ಹಿಂಜರಿಯುವುದಿಲ್ಲ. ಗಣಿತದಲ್ಲಿ ಕೆಲವು ಸೊನ್ನೆಗಳು ಬಿಟ್ಟುಹೋದುದರಿಂದ ಮಾತ್ರ ಜಗತ್ತು ಉಳಿಯುತ್ತದೆ. ಲೆಕ್ಕ ತಪ್ಪಿದವನಿಗೆ ಶಿಕ್ಷೆಯಿಲ್ಲ; ಮದುವೆಯಾಗುತ್ತದೆ!

ವರ್ನನ ಸ್ವಂತ ಬಾಳಿನಲ್ಲಿಯೂ ಬಗೆಹರಿಯದ ಗಂಟುಗಳಿದ್ದವು. 1871ರಲ್ಲಿ ಅವನು ಹೆಂಡತಿಯ ಊರಾದ ಅಮಿಯೆನ್ಸಿನಲ್ಲಿ ನೆಲೆಸಿದನು. ತಂದೆಯ ಮಾತು ಮೀರಿದ್ದ ಇವನಿಗೆ ಮಾತು ಮೀರುವ ಮಗ ದೊರೆತನು. ಅವನನ್ನು ತಿದ್ದಲೆಂದು 1878ರಲ್ಲಿ ಭಾರತದ ಕಡೆ ಹೊರಟ ಹಡಗಿಗೆ ಹತ್ತಿಸಿದನು. 1886ರ ಮಾರ್ಚಿ 9ರಂದು ಮತಿಭ್ರಮಣೆಗೊಂಡ ತಮ್ಮನ ಮಗನು ಪಿಸ್ತೂಲಿನಿಂದ ಅವನ ಕಾಲಿಗೆ ಹೊಡೆದನು. ಗುಂಡು ಹೊರಬರಲೇ ಇಲ್ಲ, ಕುಂಟು ಶಾಶ್ವತವಾಯಿತು. ಅದೇ ತಿಂಗಳು ಹೆಟ್ಜೆಲ್ ತೀರಿಕೊಂಡನು. ಪ್ರೀತಿಯ ನೌಕೆಯನ್ನು ಅದಾಗಲೇ ಮಾರಿಯಾಗಿದ್ದಿತು. 1888ರಲ್ಲಿ ಅಮಿಯೆನ್ಸಿನ ನಗರಸಭೆಗೆ ಚುನಾಯಿತನಾಗಿ, ಬಹು ವರ್ಷಗಳು ನಾಟಕಶಾಲೆ, ರಸ್ತೆಗಳೇ ಮೊದಲಾದ ಊರ ಕೆಲಸಗಳನ್ನು ನೋಡಿಕೊಂಡನು. ಮಧುಮೇಹದಿಂದ ಕಣ್ಣು ಮಂಜಾದರೂ ಬರವಣಿಗೆಯನ್ನು ಬಿಡಲಿಲ್ಲ. 1905ರ ಮಾರ್ಚಿ 24ರಂದು ಅಲ್ಲಿಯೇ ಕಾಲವಾದನು. ಉಳಿದಿದ್ದ ಹಸ್ತಪ್ರತಿಗಳನ್ನು ಮಗ ಮಿಶೆಲ್ ತಿದ್ದಿ, ಬದಲಾಯಿಸಿ, ತಂದೆಯ ಹೆಸರಿನಲ್ಲಿ ಹೊರತಂದನು. ಮೂಲಪಾಠಗಳು ಬೆಳಕಿಗೆ ಬರಲು ಮುಕ್ಕಾಲು ಶತಮಾನ ಹಿಡಿಯಿತು. ಬದುಕಿರುವಾಗ ಪ್ರಕಾಶಕನ ಲೇಖನಿ, ಸತ್ತ ಮೇಲೆ ಮಗನ ಲೇಖನಿ. ವರ್ನನೊಬ್ಬನೇ ಬರೆದುದು ಎಷ್ಟೆಂಬುದನ್ನು ಜಗತ್ತು ತಡವಾಗಿ ತಿಳಿಯಿತು.

ಹಾಗೆಂದು ಅವನ ದೊಡ್ಡತನಕ್ಕೆ ಕುಂದಿಲ್ಲ. ಭಾರತೀಯರನ್ನು ಹಾವಾಡಿಗರೆಂದೂ ಕಾಡುಜನರೆಂದೂ ಯೂರೋಪು ಬಗೆದಿದ್ದ ಕಾಲದಲ್ಲಿ, ಪ್ರಪಂಚದ ಅತ್ಯುತ್ತಮ ನೌಕೆಯನ್ನು ಕಟ್ಟಿದ ವಿಜ್ಞಾನಿಯು ಭಾರತೀಯನೆಂದು ಅವನು ಬರೆದನು. ಇದು ಸಣ್ಣ ಮಾತಲ್ಲ. ಅದೇ ವಿಜ್ಞಾನಿಯ ಕೈಯಲ್ಲಿ ರಕ್ತವಿದೆಯೆಂಬುದನ್ನೂ ಬರೆದನು. ಆಮೇಲೆ ಅದನ್ನು ಒರೆಸಲು ನೋಡಿದರೂ ಮೊದಲ ಪುಸ್ತಕ ಉಳಿದಿತ್ತು, ಉಳಿದಿದೆ. ನೊಂದವನ ಕೋಪಕ್ಕೆ ನ್ಯಾಯವುಂಟು. ಆ ಕೋಪದಲ್ಲಿ ಸತ್ತವರ ಮನೆಯವರಿಗೂ ನ್ಯಾಯ ಸಲ್ಲಬೇಕು. ಒಂದನ್ನು ಹೇಳಿ ಇನ್ನೊಂದನ್ನು ಮರೆತರೆ ನಾವೂ ಆ ಎರಡನೆಯ ಪುಸ್ತಕದ ತಪ್ಪನ್ನೇ ಮಾಡಿದಂತಾಗುತ್ತದೆ. ಚರಿತ್ರೆಯನ್ನು ಓದುವ ನಮಗೆ ಇದು ನೀಮೋವಿಗಿಂತಲೂ ಹತ್ತಿರದ ವಿಷಯ; ಟಿಪ್ಪುವಿನ ಹೆಸರೆತ್ತಿದರೆ ಸಾಕು, ಒಬ್ಬರು ಅವನ ಶೌರ್ಯವನ್ನು ಮಾತ್ರ, ಇನ್ನೊಬ್ಬರು ಅವನಿಂದ ನೊಂದವರನ್ನು ಮಾತ್ರ ನೆನೆಯುವುದನ್ನು ನಾವು ದಿನವೂ ಕೇಳುತ್ತೇವೆ.

ಮೊನ್ನೆ ಪರೀಕ್ಷೆಯ ಶುಲ್ಕ ಕಟ್ಟಿ ಹಿಂದಿರುಗುವಾಗ ನಾನು ಆ ಕಲ್ಲುಕಂಬಗಳ ಆವರಣದ ಮುಂದೆ ಮೊದಲ ಸಲ ನಿಂತೆನು. ಫಲಕವನ್ನು ಪೂರ್ತಿ ಓದಿದೆನು. ವಿಮಾನ ನಿಲ್ದಾಣದಿಂದೆದ್ದ ವಿಮಾನವೊಂದು ತಲೆಯ ಮೇಲೆ ಹಾರಿಹೋಯಿತು. ವರ್ನನು ಕಂಡಿದ್ದರೆ ಅದಕ್ಕೂ ಒಂದು ಕಾದಂಬರಿ ಬರೆಯುತ್ತಿದ್ದನೋ ಏನೋ. ನಮ್ಮ ತಂದೆಯವರು ಕೇಳಿದ ಪ್ರಶ್ನೆಗೆ ಅದರಲ್ಲಾದರೂ ಉತ್ತರವಿರುತ್ತಿದ್ದಿತೆ ಎಂದು ಯೋಚಿಸುತ್ತ ಬಸ್ ನಿಲ್ದಾಣದ ಕಡೆಗೆ ನಡೆದೆನು.